ಮುಚ್ಚಳ ತೆರೆದ ಕೂಡಲೇ ಕೆಲಸ: ಲ್ಯಾಪ್‌ಟಾಪ್ ತಡವಿಲ್ಲದೆ ಚಾಲೂ ಆಗುವಂತೆ ಮಾಡಿಕೊಳ್ಳುವ ಬಗೆ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ, ಕಳೆದ ಸುಗ್ಗಿಯ ಒಂದು ಬೆಳಿಗ್ಗೆ, ನಾನು ಫೋನಿನ ಸ್ಟಾಪ್‌ವಾಚ್ ಹಿಡಿದುಕೊಂಡು ಗುಮಾಸ್ತರ ಪಕ್ಕದಲ್ಲಿ ಕುಳಿತಿದ್ದೆ. ಅವರು ಲ್ಯಾಪ್‌ಟಾಪಿನ ಗುಂಡಿ ಒತ್ತಿದ ಗಳಿಗೆಯಿಂದ ಲೆಕ್ಕದ ತಂತ್ರಾಂಶ ತೆರೆದುಕೊಂಡು ರೈತರ ಹೆಸರಿನ ಮೊದಲ ಅಕ್ಷರ ಪರದೆಯ ಮೇಲೆ ಮೂಡುವವರೆಗೆ 4 ನಿಮಿಷ 10 ಸೆಕೆಂಡು ಹಿಡಿಯಿತು. ರಾತ್ರಿಯೆಲ್ಲ ಚೀಲಗಳ ಮೇಲೆ ಕುಳಿತು ಬಂದಿದ್ದ ಇಬ್ಬರು ರೈತರು ಪಟ್ಟಿಗಾಗಿ, ಅಂದರೆ ಮಾರಾಟದ ಲೆಕ್ಕದ ಚೀಟಿಗಾಗಿ, ಮೇಜಿನ ಆಚೆ ಕಾಯುತ್ತ ನಿಂತಿದ್ದರು. ಕರೆಂಟ್ ಹೋಗಿ ಬಂದಾಗಲೆಲ್ಲ ಇದೇ ಪಾಡು ಎಂದು ಗುಮಾಸ್ತರು ಹೇಳಿದರು. ಆ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿತ್ತು. "ಹೊಸಾದು ತಗೊಳ್ಳೂದ ಚಲೋ ಏನ್ರಿ?" ಎಂಬುದು ಮಾಲೀಕರ ಪ್ರಶ್ನೆ. ಬೇಡ ಎಂದೆ. ಅದೇ ಯಂತ್ರ ಈಗ 38 ಸೆಕೆಂಡಿನಲ್ಲಿ ಪಟ್ಟಿಗೆ ಸಿದ್ಧವಾಗುತ್ತದೆ. ಊಟಕ್ಕೆ ಹೋಗುವಾಗ ಮುಚ್ಚಳ ಮುಚ್ಚಿದ್ದರೆ, ತೆರೆದ ಮೂರು ಸೆಕೆಂಡಿನೊಳಗೆ ಬಿಟ್ಟ ಸಾಲಿನಲ್ಲೇ ಕರ್ಸರ್ ಮಿನುಗುತ್ತದೆ. ಅಲ್ಲಿ ಮಾಡಿದ ಕೆಲಸವನ್ನು ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯ ಯಾವುದೇ ಮನೆ ಅಥವಾ ಅಂಗಡಿಯಲ್ಲಿ ಹೇಗೆ ಮಾಡಿಕೊಳ್ಳಬಹುದು ಎಂಬುದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ಒತ್ತಿದ ಕೂಡಲೇ ಚಾಲೂ ಆಗುವ ಯಂತ್ರ ಎಂಬುದು ಹೊಸ ಕನಸೇನಲ್ಲ. 1983ರಲ್ಲಿ ಬಂದ ಟಿಆರ್‌ಎಸ್-80 ಮಾಡೆಲ್ 100 ಎಂಬ, ನಾಲ್ಕು ಪೆನ್‌ಟಾರ್ಚ್ ಸೆಲ್ಲುಗಳಲ್ಲಿ ನಡೆಯುತ್ತಿದ್ದ ಪುಟ್ಟ ಕಂಪ್ಯೂಟರು ಗುಂಡಿ ಒತ್ತಿದೊಡನೆ ಬರೆಯಲು ಸಿದ್ಧವಾಗುತ್ತಿತ್ತು, ಏಕೆಂದರೆ ಅದರ ಎಲ್ಲ ತಂತ್ರಾಂಶವೂ ಚಿಪ್ಪಿನೊಳಗೇ ಅಚ್ಚಾಗಿತ್ತು. ಡಿಸ್ಕಿನಿಂದ ಓದಿಕೊಳ್ಳುವುದು ಏನೂ ಇರಲಿಲ್ಲ. ವಿಂಡೋಸ್ ದೊಡ್ಡದಾಗುತ್ತ ಹೋದಂತೆ ಕಾಯುವ ಹೊತ್ತೂ ಬೆಳೆಯಿತು. ಅದಕ್ಕೆ ಪರಿಹಾರವೆಂದು 2007ರಿಂದ ಮೂರು ನಾಲ್ಕು ವರ್ಷ ಲ್ಯಾಪ್‌ಟಾಪ್ ಮತ್ತು ಮದರ್‌ಬೋರ್ಡ್ ತಯಾರಕರು ಒಂದು ದಾರಿ ಹಿಡಿದರು: ವಿಂಡೋಸಿನ ಪಕ್ಕದಲ್ಲಿ ಚಿಕ್ಕದೊಂದು ಲಿನಕ್ಸನ್ನು (ವಿಂಡೋಸಿನಂತೆಯೇ ಯಂತ್ರ ನಡೆಸುವ ಇನ್ನೊಂದು ವ್ಯವಸ್ಥೆ) ಇಟ್ಟು, ಬೇರೆ ಗುಂಡಿಯಿಂದಲೋ ಮೊದಲ ಪರದೆಯಿಂದಲೋ ಅದನ್ನು ಕೆಲವೇ ಸೆಕೆಂಡುಗಳಲ್ಲಿ ತೆರೆಯುವಂತೆ ಮಾಡಿದರು. ಸ್ಪ್ಲಾಶ್‌ಟಾಪ್, ಅದನ್ನೇ ಆಸುಸ್ ಕಂಪನಿ ಕರೆದ ಎಕ್ಸ್‌ಪ್ರೆಸ್ ಗೇಟ್, ಫೀನಿಕ್ಸ್ ಕಂಪನಿಯ ಹೈಪರ್‌ಸ್ಪೇಸ್ ಇವೆಲ್ಲ ಆ ಕಾಲದವು. ಡೆಲ್ ಕಂಪನಿಯ ಲ್ಯಾಟಿಟ್ಯೂಡ್ ಆನ್ ಇನ್ನೂ ಮುಂದೆ ಹೋಗಿ, ಈ ಕೆಲಸಕ್ಕೆಂದೇ ಪ್ರತ್ಯೇಕ ಸಣ್ಣ ಪ್ರೊಸೆಸರನ್ನು ಲ್ಯಾಪ್‌ಟಾಪಿನೊಳಗೆ ಇರಿಸಿತು. ಇವುಗಳಲ್ಲಿ ಬ್ರೌಸರು, ಮೇಲ್, ಫೋಟೋ ಇತ್ಯಾದಿ ಮಾತ್ರ ಸಿಗುತ್ತಿದ್ದವು. ಲೆಕ್ಕದ ತಂತ್ರಾಂಶವೋ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶವೋ ಬೇಕಾದರೆ ಮತ್ತೆ ವಿಂಡೋಸಿಗೇ ಹೋಗಬೇಕಿತ್ತು. ಆದ್ದರಿಂದ ಅವು ಉಳಿಯಲಿಲ್ಲ. ಹುಬ್ಬಳ್ಳಿಯಲ್ಲಿ ಹಳೆಯ ಲ್ಯಾಪ್‌ಟಾಪ್ ಕೊಳ್ಳುವಾಗ ಅಂಥ ಗುಂಡಿಯಿರುವ ಯಂತ್ರ ಈಗಲೂ ಕೈಗೆ ಸಿಗುವುದುಂಟು. ಅದನ್ನು ಒತ್ತಿ ನೋಡಿ ಸಂತೋಷಪಡಬಹುದು, ಆದರೆ ಹದಿನೈದು ವರ್ಷದಿಂದ ಸುರಕ್ಷತೆಯ ತಿದ್ದುಪಡಿ ಕಾಣದ ಆ ಬ್ರೌಸರಿನಲ್ಲಿ ಬ್ಯಾಂಕಿನ ಪಾಸ್‌ವರ್ಡ್ ಹಾಕಬಾರದು.

ಈಗ ಅಂಥ ಎರಡನೆಯ ವ್ಯವಸ್ಥೆ ಬೇಕಾಗಿಲ್ಲ. ನಿಮ್ಮಲ್ಲಿರುವ ಯಂತ್ರವನ್ನೇ ಸರಿಯಾಗಿ ಮಲಗಿಸುವುದನ್ನೂ, ಎದ್ದೇಳುವಾಗ ಅದು ಎಲ್ಲಿ ತಡವರಿಸುತ್ತದೆ ಎಂಬುದನ್ನೂ ತಿಳಿದುಕೊಂಡರೆ ಸಾಕು.

ಮೊದಲು ಅಳೆಯಿರಿ

ಹಣ ಖರ್ಚು ಮಾಡುವ ಮೊದಲು ಹೊತ್ತನ್ನು ಮೂರು ತುಂಡು ಮಾಡಿ ಅಳೆಯಬೇಕು. ಗುಂಡಿ ಒತ್ತಿದಾಗಿನಿಂದ ವಿಂಡೋಸಿನ ತಿರುಗುವ ಚುಕ್ಕೆಗಳು ಕಾಣುವವರೆಗಿನದು ಬಯೋಸಿನ, ಅಂದರೆ ವಿಂಡೋಸಿಗಿಂತ ಮೊದಲು ಎದ್ದು ಯಂತ್ರವನ್ನು ಸಿದ್ಧಗೊಳಿಸುವ ತಂತ್ರಾಂಶದ, ಪಾಲು. ಅಲ್ಲಿಂದ ಪಾಸ್‌ವರ್ಡ್ ಕೇಳುವವರೆಗಿನದು ವಿಂಡೋಸಿನ ಪಾಲು. ಪಾಸ್‌ವರ್ಡ್ ಹಾಕಿದ ಮೇಲೆ ನಿಮ್ಮ ಕೆಲಸದ ತಂತ್ರಾಂಶ ನಿಜವಾಗಿ ಮಾತು ಕೇಳುವವರೆಗಿನದು ಮೂರನೆಯದು. ಬ್ಯಾಡಗಿಯ ಯಂತ್ರದಲ್ಲಿ ಇವು ಕ್ರಮವಾಗಿ 18, 92 ಮತ್ತು 140 ಸೆಕೆಂಡುಗಳಾಗಿದ್ದವು. ಡೆಸ್ಕ್‌ಟಾಪ್ ಕಂಡಾಕ್ಷಣ ಯಂತ್ರ ಸಿದ್ಧವಾಯಿತೆಂದು ನಾವು ತಿಳಿಯುತ್ತೇವೆ. ವಾಸ್ತವದಲ್ಲಿ ಅರ್ಧಕ್ಕಿಂತ ಹೆಚ್ಚು ಕಾಯುವಿಕೆ ಅಲ್ಲಿಂದ ಆಚೆಗಿತ್ತು.

ಮೊದಲ ತುಂಡನ್ನು ವಿಂಡೋಸ್ ತಾನೇ ಲೆಕ್ಕ ಇಡುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆದು ಸ್ಟಾರ್ಟಪ್ ಪುಟಕ್ಕೆ ಹೋದರೆ ಮೇಲ್ಗಡೆ ಲಾಸ್ಟ್ ಬಯೋಸ್ ಟೈಮ್ ಎಂದು ಸೆಕೆಂಡುಗಳಲ್ಲಿ ಬರೆದಿರುತ್ತದೆ; ತೀರ ಹಳೆಯ ಬಯೋಸ್ ಇದ್ದರೆ ಮಾತ್ರ ಅದು ಕಾಣುವುದಿಲ್ಲ. ಎರಡು ಮತ್ತು ಮೂರನೆಯ ತುಂಡುಗಳಿಗೆ ಸ್ಟಾಪ್‌ವಾಚೇ ಸಾಕು. ಒಂದು ಎಚ್ಚರಿಕೆ: ಅಳೆಯುವ ದಿನ ಶಟ್‌ಡೌನ್ ಮಾಡಿ ಮತ್ತೆ ಹಚ್ಚಿ ಒಮ್ಮೆ, ರಿಸ್ಟಾರ್ಟ್ ಒತ್ತಿ ಇನ್ನೊಮ್ಮೆ ಅಳೆಯಿರಿ. ಎರಡೂ ಒಂದೇ ಅಲ್ಲ. ಕಾರಣ ಮುಂದೆ ಬರುತ್ತದೆ.

ಬ್ಯಾಟರಿಯ ಆರೋಗ್ಯ

ಬೇರೆ ಊರುಗಳಲ್ಲಿ ಬರೆದ ಮಾರ್ಗದರ್ಶಿಗಳು ಈ ಹೆಜ್ಜೆಯನ್ನು ಬಿಟ್ಟುಬಿಡುತ್ತವೆ. ಮುಂಗಾರಿಗೆ ಮುಂಚಿನ ಗಾಳಿಮಳೆಯಲ್ಲಿ ಮಧ್ಯಾಹ್ನಕ್ಕೆರಡು ಸಲ ಕರೆಂಟ್ ಹೋಗುವ ನಮ್ಮ ಕಡೆ ಇದನ್ನು ಬಿಟ್ಟರೆ ಮುಂದಿನದೆಲ್ಲ ವ್ಯರ್ಥ. ಲ್ಯಾಪ್‌ಟಾಪ್ ಮಲಗಿದ್ದಾಗ, ಅಂದರೆ ಸ್ಲೀಪ್ ಸ್ಥಿತಿಯಲ್ಲಿದ್ದಾಗ, ತೆರೆದಿಟ್ಟ ಕೆಲಸವೆಲ್ಲ ಯಂತ್ರದ ತಾತ್ಕಾಲಿಕ ನೆನಪಾದ ರ‍್ಯಾಮಿನಲ್ಲಿ ಇರುತ್ತದೆ. ರ‍್ಯಾಮಿಗೆ ವಿದ್ಯುತ್ತು ಕ್ಷಣ ತಪ್ಪಿದರೂ ಅದರಲ್ಲಿದ್ದುದು ಅಳಿಸಿಹೋಗುತ್ತದೆ. ಬ್ಯಾಟರಿ ಸತ್ತ, ಚಾರ್ಜರಿನ ಮೇಲೇ ನಡೆಯುವ ಲ್ಯಾಪ್‌ಟಾಪನ್ನು ಮಲಗಿಸಿ ಹೋದರೆ, ಕರೆಂಟ್ ಹೋದಾಗ ಉಳಿಸದ ಕೆಲಸವೂ ಹೋಯಿತು, ಬಂದ ಮೇಲೆ ಮೊದಲಿನಿಂದ ಚಾಲೂ ಮಾಡುವ ಕಾಯುವಿಕೆಯೂ ಬಂತು.

ಬ್ಯಾಟರಿಯ ನಿಜಸ್ಥಿತಿ ತಿಳಿಯಲು ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಪವರ್ ಎಂಬ ಪದಕ್ಕೆ ಸಿ, ಎಫ್, ಜಿ ಎಂಬ ಮೂರು ಅಕ್ಷರಗಳನ್ನು ಅಂಟಿಸಿ ಟೈಪಿಸಿ, ಒಂದು ಸ್ಪೇಸ್ ಬಿಟ್ಟು, ಸ್ಲ್ಯಾಶ್ ಹಾಕಿ, ಬ್ಯಾಟರಿರಿಪೋರ್ಟ್ ಎಂದು ಒಂದೇ ಪದವಾಗಿ ಬರೆದು ಎಂಟರ್ ಒತ್ತಿದರೆ ಒಂದು ವರದಿ ತಯಾರಾಗುತ್ತದೆ; ಅದನ್ನು ಎಲ್ಲಿ ಇಟ್ಟಿದೆ ಎಂಬುದನ್ನೂ ಅಲ್ಲೇ ತೋರಿಸುತ್ತದೆ. ಬ್ರೌಸರಿನಲ್ಲಿ ಅದನ್ನು ತೆರೆದು ಡಿಸೈನ್ ಕೆಪಾಸಿಟಿ ಮತ್ತು ಫುಲ್ ಚಾರ್ಜ್ ಕೆಪಾಸಿಟಿ ಎಂಬ ಎರಡು ಸಾಲು ಹೋಲಿಸಿ ನೋಡಿ. ಬ್ಯಾಡಗಿಯ ಯಂತ್ರದಲ್ಲಿ ಮೊದಲನೆಯದು 41,000 ಮಿಲಿವ್ಯಾಟ್-ಅವರ್ ಇದ್ದರೆ ಎರಡನೆಯದು 6,200 ಮಾತ್ರ ಇತ್ತು, ಅಂದರೆ ಶೇ. 15ರಷ್ಟು. ಅರ್ಧಕ್ಕಿಂತ ಮೇಲಿದ್ದರೆ ಸದ್ಯಕ್ಕೆ ಚಿಂತೆಯಿಲ್ಲ. ಕಾಲುಭಾಗಕ್ಕಿಂತ ಕೆಳಗಿಳಿದಿದ್ದರೆ ಬ್ಯಾಟರಿ ಬದಲಿಸುವುದೇ ಮೊದಲ ಖರ್ಚಾಗಲಿ. ಉಬ್ಬಿದ ಬ್ಯಾಟರಿಯಾಗಿದ್ದರೆ, ಟಚ್‌ಪ್ಯಾಡ್ ಮೇಲೆದ್ದಿದ್ದರೆ ಅಥವಾ ಕೆಳಮುಚ್ಚಳ ಮೇಜಿನ ಮೇಲೆ ಸಮನಾಗಿ ಕೂರದಿದ್ದರೆ, ಅಳತೆ ಗಿಳತೆ ಬಿಟ್ಟು ಅಂದೇ ತೆಗೆಸಿ.

ಮಲಗಿಸುವ ಮೂರು ಬಗೆ

ಸ್ಲೀಪ್, ಹೈಬರ್ನೇಟ್, ಶಟ್‌ಡೌನ್ ಎಂಬ ಮೂರನ್ನು ಬೇರೆ ಬೇರೆ ಎಂದು ತಿಳಿಯದೆ ಹತ್ತು ವರ್ಷ ಲ್ಯಾಪ್‌ಟಾಪ್ ಬಳಸಿದವರನ್ನು ನಾನು ಕಂಡಿದ್ದೇನೆ. ಅದು ಅವರ ತಪ್ಪಲ್ಲ, ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿರುವುದಿಲ್ಲ. ಸ್ಲೀಪಿನಲ್ಲಿ ಕೆಲಸ ರ‍್ಯಾಮಿನಲ್ಲಿ ಉಳಿಯುತ್ತದೆ, ಎದ್ದೇಳಲು ಎರಡು ಮೂರು ಸೆಕೆಂಡು ಸಾಕು, ಆದರೆ ಬ್ಯಾಟರಿ ಸ್ವಲ್ಪ ಸ್ವಲ್ಪವಾಗಿ ಖರ್ಚಾಗುತ್ತದೆ. ಹೈಬರ್ನೇಟಿನಲ್ಲಿ ರ‍್ಯಾಮಿನಲ್ಲಿದ್ದುದನ್ನೆಲ್ಲ ಡಿಸ್ಕಿಗೆ ಬರೆದು ಯಂತ್ರ ಪೂರ್ತಿ ಬಂದ್ ಆಗುತ್ತದೆ. ವಾರ ಬಿಟ್ಟು ತೆರೆದರೂ ಬಿಟ್ಟಲ್ಲಿಂದಲೇ ಮುಂದುವರಿಯಬಹುದು, ಎದ್ದೇಳಲು ಮಾತ್ರ ಡಿಸ್ಕಿನ ವೇಗಕ್ಕೆ ತಕ್ಕಷ್ಟು ಹೊತ್ತು ಬೇಕು. ಶಟ್‌ಡೌನಿನಲ್ಲಿ ನಿಮ್ಮ ಎಲ್ಲ ಕಿಟಕಿಗಳೂ ಮುಚ್ಚುತ್ತವೆ.

ವಿಂಡೋಸಿನಲ್ಲಿ ಹೈಬರ್ನೇಟ್ ಸಾಮಾನ್ಯವಾಗಿ ಮರೆಯಲ್ಲಿರುತ್ತದೆ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಆಪ್ಷನ್ಸ್ ತೆರೆದು, ಎಡಬದಿಯಲ್ಲಿ ಪವರ್ ಬಟನ್ ಏನು ಮಾಡಬೇಕೆಂದು ಆರಿಸುವ ಸಾಲನ್ನು ಒತ್ತಿ, ಆ ಪುಟದ ಮೇಲ್ಗಡೆ ಕರೆಂಟ್ಲಿ ಅನ್‌ಅವೈಲೇಬಲ್ ಎಂಬ ಪದಗಳಿರುವ ನೀಲಿ ಸಾಲನ್ನು ಒತ್ತಿದರೆ ಕೆಳಗಡೆ ಹೈಬರ್ನೇಟ್ ಎಂಬ ಚೌಕ ಗುರುತು ಹಾಕಲು ಸಿದ್ಧವಾಗುತ್ತದೆ. ಅದೇ ಪುಟದಲ್ಲಿ ನಾನು ಎಲ್ಲರಿಗೂ ಮಾಡಿಕೊಡುವ ಏರ್ಪಾಡು ಇದು: ಮುಚ್ಚಳ ಮುಚ್ಚಿದರೆ ಸ್ಲೀಪ್, ಪವರ್ ಗುಂಡಿ ಒತ್ತಿದರೆ ಹೈಬರ್ನೇಟ್. ಚಹಾಕ್ಕೆ ಎದ್ದರೆ ಮುಚ್ಚಳ, ಮನೆಗೆ ಹೊರಟರೆ ಗುಂಡಿ. ಬ್ಯಾಟರಿ ದುರ್ಬಲವಾಗಿದ್ದವರು ಮುಚ್ಚಳಕ್ಕೂ ಹೈಬರ್ನೇಟನ್ನೇ ಕೊಡಬೇಕು. ಪವರ್ ಪ್ಲಾನಿನ ಮುಂದುವರಿದ ಆಯ್ಕೆಗಳಲ್ಲಿ ಹೈಬರ್ನೇಟ್ ಆಫ್ಟರ್ ಎಂಬುದು ಕಂಡರೆ ಅಲ್ಲಿ 120 ನಿಮಿಷ ಎಂದು ತುಂಬಿಡಿ. ಆಗ ಮಲಗಿದ ಯಂತ್ರ ಎರಡು ಗಂಟೆಯಾದರೂ ಯಾರೂ ಎಬ್ಬಿಸದಿದ್ದರೆ ತಾನಾಗಿ ಡಿಸ್ಕಿಗೆ ಬರೆದುಕೊಂಡು ಬಂದ್ ಆಗುತ್ತದೆ. ಹೈಬರ್ನೇಟಿಗಾಗಿ ವಿಂಡೋಸ್ ತನ್ನ ಡಿಸ್ಕಿನಲ್ಲಿ ಸಾಮಾನ್ಯವಾಗಿ ರ‍್ಯಾಮಿನ ಶೇ. 40ರಷ್ಟು ಜಾಗವನ್ನು ಕಾಯ್ದಿರಿಸುತ್ತದೆ. 8 ಜಿಬಿ ರ‍್ಯಾಮಿಗೆ ಇದು ಸುಮಾರು 3 ಜಿಬಿ. ಜಾಗ ಉಳಿಸಲು ಆ ಫೈಲನ್ನು ಅಳಿಸಿಹಾಕುವವರಿದ್ದಾರೆ; ಹಾಗೆ ಮಾಡಬೇಡಿ.

ಸ್ಲೀಪಿನಲ್ಲೂ ಎರಡು ಜಾತಿಗಳಿವೆ. ಹಳೆಯದು ಎಸ್3: ರ‍್ಯಾಮೊಂದನ್ನು ಬಿಟ್ಟು ಉಳಿದುದೆಲ್ಲ ಆರಿರುತ್ತದೆ. ಹೊಸದು ಎಸ್0, ಮೈಕ್ರೋಸಾಫ್ಟ್ ಕಂಪನಿಯ ಮಾತಿನಲ್ಲಿ ಮಾಡರ್ನ್ ಸ್ಟ್ಯಾಂಡ್‌ಬೈ: ಫೋನಿನ ಹಾಗೆ ಪರದೆ ಆರಿದರೂ ಯಂತ್ರ ಅರೆಎಚ್ಚರದಲ್ಲಿದ್ದು ಮೇಲ್ ತರಿಸಿಕೊಳ್ಳುತ್ತದೆ, ಅಪ್‌ಡೇಟ್ ಹುಡುಕುತ್ತದೆ. ಇದು ಕಣ್ಣು ಮಿಟುಕಿಸುವಷ್ಟರಲ್ಲಿ ಎದ್ದೇಳುತ್ತದೆ, ಆದರೆ ಕೆಲವೊಮ್ಮೆ ಮಲಗುವುದೇ ಇಲ್ಲ. ಒಮ್ಮೆ ಧಾರವಾಡದ ಜುಬಿಲಿ ಸರ್ಕಲ್ಲಿನಲ್ಲಿ ಶೇ. 80 ಚಾರ್ಜ್ ಇದ್ದ ನನ್ನ ಲ್ಯಾಪ್‌ಟಾಪನ್ನು ಮುಚ್ಚಿ ಬ್ಯಾಗಿಗೆ ಹಾಕಿ ಚಿಗರಿ ಬಸ್ ಹತ್ತಿದೆ. ನವನಗರ ದಾಟುವ ಹೊತ್ತಿಗೆ ತೊಡೆಯ ಮೇಲಿನ ಬ್ಯಾಗು ಬೆಚ್ಚಗಾಗಿತ್ತು. ಹುಬ್ಬಳ್ಳಿಯ ಹೊಸೂರಿನಲ್ಲಿ ಇಳಿದು ತೆರೆದಾಗ ಲೋಹದ ತಳ ಕೈಯಿಡಲಾಗದಷ್ಟು ಕಾದಿತ್ತು, ಚಾರ್ಜು 61ಕ್ಕೆ ಇಳಿದಿತ್ತು. ಮುಂಚಿನ ಆದೇಶದಲ್ಲಿಯೇ ಬ್ಯಾಟರಿರಿಪೋರ್ಟ್ ಎಂಬಲ್ಲಿ ಸ್ಲೀಪ್‌ಸ್ಟಡಿ ಎಂದು ಬರೆದರೆ ಯಾವ ಮಲಗುವಿಕೆಯಲ್ಲಿ ಯಾವುದು ಎಚ್ಚರವಾಗಿತ್ತು ಎಂಬ ಲೆಕ್ಕ ಸಿಗುತ್ತದೆ. ಅಂದು ದಾರಿಯುದ್ದಕ್ಕೂ ಒಂದು ಅಪ್‌ಡೇಟ್ ನಡೆದಿತ್ತು. ಅಂದಿನಿಂದ ಬ್ಯಾಗಿಗೆ ಹಾಕುವ ಮುಂಚೆ ನಾನು ಪವರ್ ಗುಂಡಿ ಒತ್ತಿ ಹೈಬರ್ನೇಟ್ ಮಾಡದೆ ಹೊರಡುವುದಿಲ್ಲ. ಬಿಸಿಯಾದ ಬ್ಯಾಗಿನೊಳಗೆ ಗಾಳಿಯಾಡದೆ ಕಾದ ಬ್ಯಾಟರಿಯ ಆಯುಷ್ಯ ಕಡಿಮೆಯಾಗುತ್ತದೆ.

ನಿಮ್ಮ ಯಂತ್ರ ಯಾವ ಜಾತಿಯದೆಂದು ತಿಳಿಯಲು ಅದೇ ಆದೇಶದಲ್ಲಿ ಸ್ಲ್ಯಾಶಿನ ಮುಂದೆ ಎ ಎಂಬ ಒಂದೇ ಅಕ್ಷರ ಬರೆಯಿರಿ. ಪಟ್ಟಿಯಲ್ಲಿ ಎಸ್3 ಕಂಡರೆ ಹಳೆಯ ಬಗೆ, ಎಸ್0 ಲೋ ಪವರ್ ಐಡಲ್ ಎಂದು ಕಂಡರೆ ಹೊಸ ಬಗೆ. ಅಂಗಡಿಯಲ್ಲಿ ಹಳೆಯ ಲ್ಯಾಪ್‌ಟಾಪ್ ಕೊಳ್ಳುವಾಗಲೂ ಇದನ್ನು ಅಲ್ಲೇ ನಿಂತು ನೋಡಿಕೊಳ್ಳಬಹುದು.

ಶಟ್‌ಡೌನ್ ಎಂದರೆ ಪೂರ್ತಿ ಬಂದ್ ಅಲ್ಲ

2012ರಲ್ಲಿ ವಿಂಡೋಸ್ 8ರ ಜೊತೆ ಬಂದ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡು ಇಂದಿಗೂ ಬಹುತೇಕ ಲ್ಯಾಪ್‌ಟಾಪುಗಳಲ್ಲಿ ಚಾಲೂ ಇರುತ್ತದೆ. ನೀವು ಶಟ್‌ಡೌನ್ ಒತ್ತಿದಾಗ ನಿಮ್ಮ ಕಿಟಕಿಗಳನ್ನು ಮುಚ್ಚಿ, ವಿಂಡೋಸಿನ ತಿರುಳನ್ನೂ ಡ್ರೈವರುಗಳನ್ನೂ ಮಾತ್ರ ಹೈಬರ್ನೇಟಿನ ಹಾಗೆ ಡಿಸ್ಕಿಗೆ ಬರೆದಿಡುತ್ತದೆ. ಮರುದಿನ ಅವನ್ನು ಮೊದಲಿನಿಂದ ಕಟ್ಟುವ ಬದಲು ಆ ಬರಹವನ್ನೇ ಓದಿಕೊಳ್ಳುತ್ತದೆ. ರಿಸ್ಟಾರ್ಟ್ ಒತ್ತಿದಾಗ ಮಾತ್ರ ಎಲ್ಲವೂ ಹೊಸದಾಗಿ ಕಟ್ಟಲ್ಪಡುತ್ತದೆ. ಎರಡರ ಅಳತೆ ಬೇರೆಯಾಗುವುದು ಇದರಿಂದ.

ಧಾರವಾಡದ ಒಬ್ಬ ಶಿಕ್ಷಕರು ತಮ್ಮ ಯಂತ್ರ ದಿನದಿಂದ ದಿನಕ್ಕೆ ಜಡವಾಗುತ್ತಿದೆ ಎಂದು ತಂದು ತೋರಿಸಿದರು. "ದಿನಾ ರಾತ್ರಿ ಬಂದ್ ಮಾಡ್ತೀನ್ರಿ" ಎಂದರು, ಅದು ನಿಜವೂ ಆಗಿತ್ತು. ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಎಂಬುದನ್ನು ಒತ್ತಿ ಅಪ್‌ಟೈಮ್ ತೋರಿಸಿದೆ: 23 ದಿನ. ತಿರುಳು ಮೂರು ವಾರದಿಂದ ಹೊಸದಾಗಿರಲೇ ಇಲ್ಲ. ರಿಸ್ಟಾರ್ಟ್ ಮಾಡಿದ ಮೇಲೆ ಅವರ ದೂರಿನಲ್ಲಿ ಅರ್ಧ ಅಲ್ಲೇ ತೀರಿತು. ವಾರಕ್ಕೊಮ್ಮೆ ರಿಸ್ಟಾರ್ಟ್ ಮಾಡುವುದು ಒಳ್ಳೆಯ ರೂಢಿ.

ತಿರುಗುವ ಹಾರ್ಡ್‌ಡಿಸ್ಕ್ ಇರುವ ಯಂತ್ರದಲ್ಲಿ ಫಾಸ್ಟ್ ಸ್ಟಾರ್ಟಪ್ ದೊಡ್ಡ ಉಪಕಾರ ಮಾಡುತ್ತದೆ, ಅದನ್ನು ಇಟ್ಟುಕೊಳ್ಳಿ. ತಿರುಗುವ ತಟ್ಟೆಯ ಬದಲು ಚಿಪ್ಪಿನಲ್ಲಿ ಫೈಲುಗಳನ್ನಿಡುವ ಎಸ್‌ಎಸ್‌ಡಿ ಇದ್ದರೆ ಉಳಿಯುವ ಹೊತ್ತು ಕಡಿಮೆ. ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಂಡವರು ಮಾತ್ರ ಇದನ್ನು ಬಂದ್ ಮಾಡಲೇಬೇಕು. ವಿಂಡೋಸ್ ಅರ್ಧ ಮಲಗಿರುವಾಗ ಅದರ ಡಿಸ್ಕಿನ ಭಾಗದಲ್ಲಿ ಲಿನಕ್ಸ್ ಏನಾದರೂ ಬರೆದರೆ ಫೈಲುಗಳು ಕೆಡುತ್ತವೆ, ಆ ಅಪಾಯಕ್ಕಾಗಿಯೇ ಲಿನಕ್ಸ್ ಅದನ್ನು ಓದಲಷ್ಟೇ ಬಿಡುತ್ತದೆ. ಹೈಬರ್ನೇಟ್ ಗುರುತು ಹಾಕಿದ ಅದೇ ಪುಟದಲ್ಲಿ ಇದರ ಚೌಕವೂ ಇದೆ.

ಬಾಗಿಲಲ್ಲಿ ನೂಕುನುಗ್ಗಲು

ಮೂರನೆಯ ತುಂಡಿಗೆ, ಅಂದರೆ ಡೆಸ್ಕ್‌ಟಾಪ್ ಕಂಡ ಮೇಲಿನ ತಡಕ್ಕೆ, ಮುಖ್ಯ ಕಾರಣ ಕರೆಯದೆ ಬರುವ ತಂತ್ರಾಂಶಗಳು. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪುಟದಲ್ಲಿ ಇವುಗಳ ಪಟ್ಟಿಯಿದೆ. ಪ್ರಿಂಟರಿನ ಸಹಾಯಕ, ಹಾಡಿನ ತಂತ್ರಾಂಶ, ಮೀಟಿಂಗಿನ ತಂತ್ರಾಂಶ, ಬ್ರೌಸರಿನ ಅಪ್‌ಡೇಟರ್ ಇವನ್ನು ಡಿಸೇಬಲ್ ಮಾಡಿದರೆ ಏನೂ ಕಳೆದುಹೋಗುವುದಿಲ್ಲ. ಬೇಕಾದಾಗ ತೆರೆದರೆ ಅವು ಎಂದಿನಂತೆ ನಡೆಯುತ್ತವೆ. ನುಡಿಯನ್ನೋ ಬೇರೆ ಕನ್ನಡ ಕೀಲಿಮಣೆಯನ್ನೋ ದಿನವಿಡೀ ಬಳಸುವವರು ಅದನ್ನು ಮಾತ್ರ ಬಿಡಿ. ಹೆಸರು ಗುರುತಿಲ್ಲದ್ದನ್ನು ಮುಟ್ಟುವ ಮೊದಲು ವಿಚಾರಿಸಿ. ಎರಡು ಆ್ಯಂಟಿವೈರಸ್ ಒಟ್ಟಿಗೆ ಇದ್ದರೆ ಒಂದನ್ನು ಪೂರ್ತಿ ತೆಗೆದುಹಾಕಿ, ಏಕೆಂದರೆ ಚಾಲೂ ಆಗುವಾಗ ತೆರೆಯುವ ಪ್ರತಿ ಫೈಲನ್ನೂ ಎರಡೂ ಸರದಿಯಲ್ಲಿ ತಪಾಸಣೆ ಮಾಡುತ್ತವೆ. ಬ್ಯಾಡಗಿಯಲ್ಲಿ ಈ ಒಂದು ಹೆಜ್ಜೆಯಿಂದಲೇ, ಒಂದು ಪೈಸೆ ಖರ್ಚಿಲ್ಲದೆ, 140 ಸೆಕೆಂಡು 85ಕ್ಕೆ ಇಳಿಯಿತು.

ಡಿಸ್ಕ್ ಬದಲಿಸುವುದು

ಬ್ಯಾಟರಿ ಸರಿಯಿದ್ದು, ಹಣ ಖರ್ಚು ಮಾಡಬೇಕಾದ ಒಂದೇ ಜಾಗ ಯಾವುದೆಂದು ಕೇಳಿದರೆ ಇದು. ಹಳೆಯ ಲ್ಯಾಪ್‌ಟಾಪುಗಳಲ್ಲಿ ನಿಮಿಷಕ್ಕೆ 5,400 ಸುತ್ತು ತಿರುಗುವ ಹಾರ್ಡ್‌ಡಿಸ್ಕ್ ಇರುತ್ತದೆ. ಒಂದು ಸುತ್ತಿಗೆ 11 ಮಿಲಿಸೆಕೆಂಡು; ಬೇಕಾದ ತುಣುಕು ಓದುವ ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅದಕ್ಕೂ ಮುಂಚೆ ಸೂಜಿ ಸರಿಯಾದ ಜಾಡಿಗೆ ಸರಿಯಬೇಕು. ಹೀಗಾಗಿ ಡಿಸ್ಕಿನ ಬೇರೆ ಬೇರೆ ಮೂಲೆಗಳಲ್ಲಿ ಹರಡಿರುವ ಸಣ್ಣ ತುಣುಕುಗಳನ್ನು ಅದು ಸೆಕೆಂಡಿಗೆ ನೂರರೊಳಗೆ ಮಾತ್ರ ಓದಬಲ್ಲದು. ವಿಂಡೋಸ್ ಚಾಲೂ ಆಗುವುದೆಂದರೆ ಅಂಥ ಸಾವಿರಾರು ತುಣುಕುಗಳನ್ನು ಹೆಕ್ಕುವ ಕೆಲಸ. ಎಸ್‌ಎಸ್‌ಡಿಯಲ್ಲಿ ತಿರುಗುವುದೂ ಇಲ್ಲ, ಸರಿಯುವುದೂ ಇಲ್ಲ. ಸಾಟಾ ಎಂಬ ಹಳೆಯ ಬಗೆಯ ಜೋಡಣೆಯ ಸಾದಾ ಎಸ್‌ಎಸ್‌ಡಿಯೂ ಸೆಕೆಂಡಿಗೆ ಹತ್ತಾರು ಸಾವಿರ ತುಣುಕು ಓದುತ್ತದೆ. ಪ್ರೊಸೆಸರ್ ಹಳೆಯದೆಂದು ಯಂತ್ರವನ್ನೇ ಎಸೆಯುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಕೊಳ್ಳುವ ಮೊದಲು ನಿಮ್ಮ ಮಾದರಿಯ ಹೆಸರನ್ನು ತಳದ ಚೀಟಿಯಿಂದ ಬರೆದುಕೊಂಡು ಅದಕ್ಕೆ ಯಾವುದು ಹೊಂದುತ್ತದೆ ಎಂದು ನೋಡಿ. ಹಳೆಯ ಯಂತ್ರಗಳಿಗೆ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ. ಸ್ವಲ್ಪ ಹೊಸದರಲ್ಲಿ ಎಂ.2 ಎಂಬ, ಚೂಯಿಂಗ್ ಗಮ್ ಪಟ್ಟಿಯಂತಹ ಕಾರ್ಡ್ ಕೂರುವ ಕಿಂಡಿಯಿರುತ್ತದೆ, ಆದರೆ ಎಂ.2 ಆಕಾರದಲ್ಲೇ ಸಾಟಾ ಮತ್ತು ಎನ್‌ವಿಎಂಇ ಎಂಬ ಎರಡು ಬಗೆಗಳಿದ್ದು, ಕೆಲವು ಕಿಂಡಿಗಳು ಒಂದನ್ನು ಮಾತ್ರ ಒಪ್ಪುತ್ತವೆ. ಈ ಒಂದು ವಿಚಾರಿಸದೆ ಕೊಂಡು ತಂದು ಮರಳಿಸಲು ಅಲೆದವರು ಅನೇಕರು.

ಮೊದಲು ಮುಖ್ಯ ಫೈಲುಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿ. ಹಾರ್ಡ್‌ಡಿಸ್ಕ್ ಟಿಕ್ ಟಿಕ್ ಸದ್ದು ಮಾಡುತ್ತಿದ್ದರೆ ಕ್ಲೋನಿಂಗಿಗೆ, ಅಂದರೆ ಇಡೀ ಡಿಸ್ಕನ್ನು ಹಾಗೆಯೇ ನಕಲಿಸಲು, ಕೈಹಾಕದೆ, ಫೈಲುಗಳನ್ನಷ್ಟೇ ಉಳಿಸಿಕೊಂಡು ವಿಂಡೋಸನ್ನು ಹೊಸದಾಗಿ ಹಾಕಿ. ಡಿಸ್ಕ್ ಆರೋಗ್ಯವಾಗಿದ್ದರೆ ಯುಎಸ್‌ಬಿಯಿಂದ ಸಾಟಾ ಕೇಬಲ್ಲಿನ ಮೂಲಕ ಹೊಸ ಎಸ್‌ಎಸ್‌ಡಿಯನ್ನು ಜೋಡಿಸಿ, ಕ್ಲೋನಿಂಗ್ ತಂತ್ರಾಂಶದಿಂದ ಇಡೀ ಡಿಸ್ಕನ್ನು ಅದಕ್ಕೆ ಇಳಿಸಿ. ಎರಡು ಮೂರು ಗಂಟೆ ಹಿಡಿಯಬಹುದು, ನಡುವೆ ಕರೆಂಟ್ ಹೋಗಬಾರದು. ಯುಪಿಎಸ್ ಇರುವ ಜಾಗದಲ್ಲಿ ಅಥವಾ ಒಳ್ಳೆಯ ಬ್ಯಾಟರಿಯಿರುವ ಬೇರೆ ಲ್ಯಾಪ್‌ಟಾಪಿನಲ್ಲಿ ಈ ಕೆಲಸ ಮಾಡಿ. ಆಮೇಲೆ ಚಾರ್ಜರ್ ತೆಗೆದು, ಬ್ಯಾಟರಿಯ ಸಂಪರ್ಕ ಬಿಡಿಸಿ, ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿ. ಹಳೆಯ ಡಿಸ್ಕನ್ನು ಒಂದು ತಿಂಗಳು ಅಳಿಸದೆ ಎತ್ತಿಡಿ.

ಕೆಳಮುಚ್ಚಳ ಬಿಚ್ಚಿದಾಗ ಇನ್ನೊಂದು ಕೆಲಸ ಮಾಡಿಬಿಡಿ. ಬ್ಯಾಡಗಿಯ ಯಂತ್ರದ ತಳ ಬಿಚ್ಚಿದಾಗ ಫ್ಯಾನಿನ ಹಿಂದೆ, ತಾಮ್ರದ ಜಾಲರಿಯ ಬಾಯಿಗೆ, ಹತ್ತಿಯ ಹಾಸಿನಂತೆ ಒಂದು ಕೆಂಪು ಪದರ ಕುಳಿತಿತ್ತು. ಮೆಣಸಿನಕಾಯಿಯ ಧೂಳು. ಬೆರಳಿನಿಂದ ಎತ್ತಿದರೆ ಚರ್ಮದ ಹಾಗೆ ಒಂದೇ ತುಂಡಾಗಿ ಎದ್ದು ಬಂತು, ಅಂಗಡಿಯಲ್ಲಿದ್ದ ನಾಲ್ವರೂ ಸೀನಿದೆವು. ಗಾಳಿ ಹೊರಹೋಗಲು ದಾರಿಯಿಲ್ಲದಾಗ ಪ್ರೊಸೆಸರ್ ಸುಟ್ಟುಹೋಗದಿರಲೆಂದು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಚಾಲೂ ಆಗುವಾಗಿನ ಭಾರದಲ್ಲಿ ಅದು ಚೆನ್ನಾಗಿ ಗೊತ್ತಾಗುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಫ್ಯಾನು ತಿರುಗದಂತೆ ಬೆರಳಿನಿಂದ ಹಿಡಿದು, ಮೆತ್ತನೆಯ ಬ್ರಶ್ಶಿನಿಂದ ತೆಗೆಯಬೇಕು. ಹತ್ತಿ ಜಿನ್ನಿಂಗ್, ಹಿಟ್ಟಿನ ಗಿರಣಿ, ಕಟ್ಟಿಗೆ ಕೊಯ್ಯುವ ಕಡೆ ಇರುವ ಲ್ಯಾಪ್‌ಟಾಪುಗಳಿಗೂ ವರ್ಷಕ್ಕೊಮ್ಮೆ ಇದು ಬೇಕು.

ರ‍್ಯಾಮ್ 4 ಜಿಬಿ ಮಾತ್ರ ಇದ್ದು ಎರಡನೆಯ ಕಿಂಡಿ ಖಾಲಿಯಿದ್ದರೆ ಇನ್ನೊಂದು 4 ಜಿಬಿ ಹಾಕುವುದು ಲೇಸು. ಅದು ಡಿಸ್ಕಿನ ನಂತರದ ಖರ್ಚು.

ಬಯೋಸಿನ ಒಳಗೆ

ಬಯೋಸಿನ ಪಾಲು ಹತ್ತು ಸೆಕೆಂಡಿಗಿಂತ ಹೆಚ್ಚಿದ್ದರೆ ಮಾತ್ರ ಇಲ್ಲಿ ಕೈಹಾಕಿ. ಅದಕ್ಕೂ ಮುಂಚೆ ಒಂದು ಮಾತು ತಪ್ಪದೆ ನೆನಪಿಡಬೇಕು: ಇತ್ತೀಚಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ನಿಮಗೆ ಗೊತ್ತಿಲ್ಲದೆಯೇ ಬಿಟ್‌ಲಾಕರಿನಿಂದ ಬೀಗ ಹಾಕಲ್ಪಟ್ಟಿರುತ್ತದೆ, ಬಯೋಸಿನ ಆಯ್ಕೆ ಬದಲಾದರೆ ಅಥವಾ ಡಿಸ್ಕ್ ಬೇರೆ ಯಂತ್ರಕ್ಕೆ ಹೋದರೆ ಅದು 48 ಅಂಕಿಗಳ ರಿಕವರಿ ಕೀಲಿ ಕೇಳುತ್ತದೆ. ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಆ ಕೀಲಿ ಇದೆಯೇ ಎಂದು ನೋಡಿ, ಕಾಗದದ ಮೇಲೆ ಬರೆದಿಟ್ಟುಕೊಂಡೇ ಮುಂದುವರಿಯಿರಿ.

ಬಯೋಸಿನಲ್ಲಿ ಫಾಸ್ಟ್ ಬೂಟ್ ಇದ್ದರೆ ಚಾಲೂ ಮಾಡಿ, ನೆಟ್‌ವರ್ಕ್ ಬೂಟ್ ಬಂದ್ ಮಾಡಿ, ಬೂಟ್ ಸರದಿಯಲ್ಲಿ ಡಿಸ್ಕನ್ನು ಮೊದಲಿಗೆ ತನ್ನಿ. ದಿನಾಂಕ ಪ್ರತಿಸಲ ಹಿಂದಕ್ಕೆ ಹೋಗುತ್ತಿದ್ದರೆ, ಎಫ್1 ಒತ್ತು ಎಂದು ಯಂತ್ರ ಕೇಳುತ್ತಿದ್ದರೆ, ಮದರ್‌ಬೋರ್ಡಿನ ಮೇಲಿನ 3 ವೋಲ್ಟಿನ ಗುಂಡು ಸೆಲ್ ಸತ್ತಿದೆ ಎಂದರ್ಥ. ಬ್ಯಾಡಗಿಯಲ್ಲಿ ಅದೂ ಸತ್ತಿತ್ತು. ಅದನ್ನು ಬದಲಿಸಿ, ನೆಟ್‌ವರ್ಕ್ ಬೂಟ್ ತೆಗೆದ ಮೇಲೆ 18 ಇದ್ದದ್ದು 9 ಆಯಿತು.

ವಿಂಡೋಸನ್ನೇ ಬಿಡುವುದಾದರೆ

ವಿಂಡೋಸ್ 10ರ ಉಚಿತ ಬೆಂಬಲ 14 ಅಕ್ಟೋಬರ್ 2025ಕ್ಕೆ ಮುಗಿದಿದ್ದು, ವಿಂಡೋಸ್ 11 ಒಪ್ಪದ ಎಷ್ಟೋ ಗಟ್ಟಿಮುಟ್ಟಾದ ಲ್ಯಾಪ್‌ಟಾಪುಗಳು ಮನೆಗಳಲ್ಲಿ ಬಿದ್ದಿವೆ. ಧಾರವಾಡದ ಸಪ್ತಾಪುರದಲ್ಲಿ ಕೋಣೆ ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿಗೆ ಬೇಕಾದುದು ಬ್ರೌಸರು, ಪಿಡಿಎಫ್, ಪಾಠದ ವಿಡಿಯೋ ಇಷ್ಟೇ; ಅವರಿಗೆ ಗೂಗಲ್ ಕಂಪನಿ 2022ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಕ್ರೋಮ್ ಓಎಸ್ ಫ್ಲೆಕ್ಸ್ ಎಂಬ, ಬ್ರೌಸರೇ ಮುಖ್ಯವಾದ ವ್ಯವಸ್ಥೆ ವಿಂಡೋಸಿನ ಬದಲಿಗೆ ಚೆನ್ನಾಗಿ ಹೊಂದುತ್ತದೆ. 64 ಬಿಟ್‌ನ ಇಂಟೆಲ್ ಅಥವಾ ಎಎಂಡಿ ಪ್ರೊಸೆಸರ್, 4 ಜಿಬಿ ರ‍್ಯಾಮ್, 16 ಜಿಬಿ ಡಿಸ್ಕ್ ಇದ್ದರೆ ಸಾಕು. 8 ಜಿಬಿ ಪೆನ್‌ಡ್ರೈವಿಗೆ ಹಾಕಿಕೊಂಡು, ಡಿಸ್ಕನ್ನು ಮುಟ್ಟದೆಯೇ ಒಂದು ವಾರ ಬಳಸಿ ನೋಡಬಹುದು. ವೈಫೈ, ಸದ್ದು, ಮುಚ್ಚಳ ಮುಚ್ಚಿ ತೆರೆದಾಗಿನ ಎಚ್ಚರ ಈ ಮೂರನ್ನೂ ಪರೀಕ್ಷಿಸಿದ ಮೇಲೆ ಮಾತ್ರ ಇನ್‌ಸ್ಟಾಲ್ ಮಾಡಿ, ಏಕೆಂದರೆ ಇನ್‌ಸ್ಟಾಲ್ ಮಾಡಿದರೆ ಡಿಸ್ಕಿನಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ. ಇದರಲ್ಲಿ ಫೋನಿನ ಆ್ಯಪ್‌ಗಳು ನಡೆಯುವುದಿಲ್ಲ.

ಎಲ್ಲರಿಗೂ ಇದನ್ನು ಹೇಳಲಾರೆ. ಗದಗಿನ ಮುದ್ರಣಾಲಯಗಳಲ್ಲಿ ಲಗ್ನಪತ್ರಿಕೆ, ಪುಸ್ತಕ ಜೋಡಿಸುವವರ ಹಳೆಯ ಫೈಲುಗಳು ಯೂನಿಕೋಡ್ ಅಲ್ಲದ ನುಡಿ ಫಾಂಟುಗಳಲ್ಲಿವೆ, ಅವರ ತಂತ್ರಾಂಶಗಳೂ ವಿಂಡೋಸಿನವೇ. ಗ್ರಾಮ ಒನ್ ಕೇಂದ್ರ ನಡೆಸುವವರಿಗೆ ಬೆರಳಚ್ಚಿನ ಯಂತ್ರ, ಲೆಕ್ಕಪರಿಶೋಧಕರಿಗೆ ಡಿಜಿಟಲ್ ಸಹಿಯ ಟೋಕನ್ ಕೆಲಸ ಮಾಡಬೇಕು. ಇಂಥವರು ವಿಂಡೋಸಿನಲ್ಲೇ ಇದ್ದು ಮೇಲಿನ ಹೆಜ್ಜೆಗಳನ್ನು ಅನುಸರಿಸುವುದು ಒಳ್ಳೆಯದು.

ಬರವಣಿಗೆ ಹೆಚ್ಚು ಮಾಡುವವರಿಗೆ ಉಬುಂಟು ಅಥವಾ ಮಿಂಟ್ ಲಿನಕ್ಸ್ ನಡುದಾರಿ. ಐಬಸ್ ಎಂಬ, ಕೀಲಿಮಣೆಯ ಭಾಷೆ ಬದಲಿಸುವ ಏರ್ಪಾಡಿನಲ್ಲಿ ನುಡಿಯ ಕೆಜಿಪಿ ಕೀಲಿವಿನ್ಯಾಸವನ್ನೇ ಆರಿಸಿಕೊಂಡು ಯೂನಿಕೋಡ್ ಕನ್ನಡ ಬರೆಯಬಹುದು. ಅಲ್ಲಿ ಅಳೆಯುವುದೂ ಸುಲಭ. ಟರ್ಮಿನಲ್ಲಿನಲ್ಲಿ ಸಿಸ್ಟಮ್‌ಡಿ-ಅನಲೈಜ್ ಎಂದು ಬರೆದರೆ ಒಟ್ಟು ಹೊತ್ತು, ಅದರ ಮುಂದೆ ಬ್ಲೇಮ್ ಎಂದು ಸೇರಿಸಿದರೆ ಯಾವ ಸೇವೆ ಎಷ್ಟು ಹಿಡಿಯಿತು ಎಂಬ ಪಟ್ಟಿ ಸಿಗುತ್ತದೆ. ನೆಟ್‌ವರ್ಕ್ ಬರುವವರೆಗೆ ಕಾಯುವ ಸೇವೆಯೇ ಅನೇಕ ಸಲ ಮೇಲಿರುತ್ತದೆ, ಒಂಟಿ ಲ್ಯಾಪ್‌ಟಾಪಿಗೆ ಅದರ ಅಗತ್ಯವಿಲ್ಲ. 2008ರಲ್ಲಿ ಇಂಟೆಲ್ ಕಂಪನಿಯ ಇಬ್ಬರು ಎಂಜಿನಿಯರುಗಳು, ಆರ್ಜನ್ ವಾನ್ ಡಿ ವೆನ್ ಮತ್ತು ಔಕೆ ಕೋಕ್, ಈಪಿಸಿ ಎಂಬ ಬಡ ಪ್ರೊಸೆಸರಿನ ಪುಟ್ಟ ಲ್ಯಾಪ್‌ಟಾಪಿನಲ್ಲಿ ಲಿನಕ್ಸನ್ನು ಐದು ಸೆಕೆಂಡಿನಲ್ಲಿ ಚಾಲೂ ಮಾಡಿ ತೋರಿಸಿದ್ದು ಬೇಡದ ಕಾಯುವಿಕೆಗಳನ್ನು ಹೀಗೆ ಒಂದೊಂದಾಗಿ ಹುಡುಕಿ ತೆಗೆದೇ.

ಎಲ್ಲ ಮುಗಿದ ಮೇಲೆ ಮತ್ತೆ ಮೂರು ತುಂಡು ಅಳೆದು, ದಿನಾಂಕದೊಡನೆ ಒಂದು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪಿನ ತಳಕ್ಕೆ ಅಂಟಿಸಿಡಿ. ದೊಡ್ಡ ಅಪ್‌ಡೇಟ್ ಬಂದಾಗ, ಹೊಸ ಪ್ರಿಂಟರ್ ಹಾಕಿದಾಗ, ಸ್ಟಾರ್ಟಪ್ ಪಟ್ಟಿ ಸದ್ದಿಲ್ಲದೆ ಬೆಳೆಯುತ್ತದೆ. ಆಗ ಹೋಲಿಸಿ ನೋಡಲು ಹಳೆಯ ಅಂಕಿ ಕೈಗೆ ಸಿಗಬೇಕು. ಬ್ಯಾಡಗಿಯ ಚೀಟಿಯ ಮೇಲೆ 9, 17, 12 ಎಂದಿದೆ. ಅದರ ಕೆಳಗೆ ಗುಮಾಸ್ತರು ತಮ್ಮ ಕೈಯಿಂದಲೇ ಫ್ಯಾನು ಸ್ವಚ್ಛ ಮಾಡಿದ ತಾರೀಖನ್ನೂ ಬರೆದಿಟ್ಟಿದ್ದಾರೆ.